ಓಟದ ಕಾರು, ರೀಲಿನ ಕ್ಯಾಮರಾ ಮತ್ತು ಸಹಾಯಕ

ಆಗುಂಬೆ ಎಂದೊಡನೆ ಮಳೆಯ ಜೊತೆಗೆ ‘ಮಾಲ್ಗುಡಿ ಡೇಸ್’ ನೆನಪಾಗುತ್ತದೆ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ 1980ರ ದಶಕದಲ್ಲಿ ನಿರ್ದೇಶಿಸಿದ ಈ ಧಾರಾವಾಹಿಯ ಛಾಯಾಗ್ರಾಹಕರು ಎಸ್. ರಾಮಚಂದ್ರ. ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣ ಅದರಲ್ಲಿ ಮಾಲ್ಗುಡಿಯ ನಿಲ್ದಾಣವಾಯಿತು. ನಿರ್ದೇಶಕ, ಛಾಯಾಗ್ರಾಹಕರ ಹೆಸರು ನಮಗೆ ಗೊತ್ತು. ಆದರೆ ಇಂಥ ಯಾವುದೇ ಚಿತ್ರೀಕರಣದಲ್ಲಿ ಕ್ಯಾಮರಾದ ಪಕ್ಕದಲ್ಲಿ ನಿಂತು ಟೇಪಿನಿಂದ ದೂರ ಅಳೆಯುವ, ಮಸೂರದ ಉಂಗುರ ತಿರುಗಿಸುವ, ರೀಲು ಬದಲಾಯಿಸುವ ಸಹಾಯಕ ನಮಗೆ ಕಾಣುವುದಿಲ್ಲ. ದೃಶ್ಯದಲ್ಲಿರುವ ವಸ್ತು ವೇಗವಾಗಿ ಚಲಿಸಿದಷ್ಟೂ ಆತನ ಕೆಲಸ ಕಠಿಣ.

ಚಲನೆಯ ಚಿತ್ರಣ ಆರಂಭವಾದದ್ದೇ ಓಟದಿಂದ. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯ ಚಿತ್ರ ತೆಗೆದರು. ಸರಿಯಾದ ಕ್ಷಣದಲ್ಲಿ ಕ್ಯಾಮರಾಗಳ ಕಿಂಡಿ ತೆರೆದು ಮುಚ್ಚುವ ವಿದ್ಯುತ್ ವ್ಯವಸ್ಥೆಗೆ ನೆರವಾದವರು ಜಾನ್ ಐಸಾಕ್ಸ್ ಎಂಬ ರೈಲ್ವೆ ಎಂಜಿನಿಯರ್.

ಇನ್ನು ಕಾರಿನ ಓಟವನ್ನು ನೋಡೋಣ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. ಕಾರು ನೇರವಾಗಿ ಕ್ಯಾಮರಾದತ್ತ ಬರುತ್ತಿದೆ, ಮಸೂರದ ಸಂಗಮದೂರ 100 ಮಿ.ಮೀ. ಎಂದಿಟ್ಟುಕೊಳ್ಳಿ. ಮಸೂರ ಸೂತ್ರದ ಪ್ರಕಾರ, ಕಾರು 50 ಮೀಟರ್ ದೂರದಲ್ಲಿರುವಾಗ ಬಿಂಬದೂರ 100.2 ಮಿ.ಮೀ.; 10 ಮೀಟರಿನಲ್ಲಿ 101 ಮಿ.ಮೀ.; 5 ಮೀಟರಿನಲ್ಲಿ 102 ಮಿ.ಮೀ. ಮೊದಲ 40 ಮೀಟರ್ ಕ್ರಮಿಸುವ 0.8 ಸೆಕೆಂಡಿನಲ್ಲಿ ಮಸೂರ ಸರಿಯಬೇಕಾದದ್ದು ಸುಮಾರು 0.8 ಮಿ.ಮೀ. ಆದರೆ ಮುಂದಿನ 5 ಮೀಟರಿಗೆ, ಕೇವಲ 0.1 ಸೆಕೆಂಡಿನಲ್ಲಿ, ಸುಮಾರು 1 ಮಿ.ಮೀ.! ಅಂದರೆ ಕಾರಿನ ವೇಗ ಬದಲಾಗದಿದ್ದರೂ ಸಹಾಯಕನ ಕೈ ಹತ್ತು ಪಟ್ಟು ವೇಗವಾಗಿ ತಿರುಗಬೇಕು. ಆದ್ದರಿಂದಲೇ ರಸ್ತೆಯ ಮೇಲೆ ಮೊದಲೇ ಗುರುತು ಹಾಕಿ, ದೂರ ಅಳೆದು, ಅಭ್ಯಾಸ ಮಾಡಿಕೊಳ್ಳುವುದು ಅಗತ್ಯ.

ಎರಡನೆಯ ತೊಡಕು ರೀಲಿನದು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರಗಳು. ಸೆಕೆಂಡಿಗೆ 24 ಚಿತ್ರಗಳಂತೆ 1000 ಅಡಿಯ ರೀಲು ಸುಮಾರು 11 ನಿಮಿಷಗಳಲ್ಲಿ ಮುಗಿಯುತ್ತದೆ. ಇದರ ಬೆಲೆ ತಿಳಿದದ್ದು 1970ರಲ್ಲಿ, ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಓಟದಲ್ಲಿ. ಸ್ಟೀವ್ ಮೆಕ್ವೀನ್ ನಟಿಸಿದ ‘ಲ ಮಾನ್’ ಚಿತ್ರಕ್ಕಾಗಿ ಪೋರ್ಷೆ 908 ಕಾರೊಂದಕ್ಕೆ ಕ್ಯಾಮರಾಗಳನ್ನು ಜೋಡಿಸಿ, ನಿಜವಾದ ಸ್ಪರ್ಧೆಗೇ ಇಳಿಸಲಾಗಿತ್ತು. ಹರ್ಬರ್ಟ್ ಲಿಂಗೆ ಮತ್ತು ಜೊನಾಥನ್ ವಿಲಿಯಮ್ಸ್ ಅದರ ಚಾಲಕರು. ಫಿಲ್ಮ್ ಬದಲಿಸಲು ಅದು ಮತ್ತೆ ಮತ್ತೆ ನಿಲ್ಲಬೇಕಾಯಿತು. ಕೊನೆಯವರೆಗೂ ಓಡಿದರೂ, ನಿಗದಿತ ದೂರ ಕ್ರಮಿಸದ ಕಾರಣ ಅಧಿಕೃತ ಫಲಿತಾಂಶದಲ್ಲಿ ಅದಕ್ಕೆ ಸ್ಥಾನ ಸಿಗಲಿಲ್ಲ. ಸ್ಥಾನ ಕಳೆದುಕೊಂಡರೂ ಅದು ಓಟದ ಒಳಗಿನ ನೋಟವನ್ನು ಚಿತ್ರಕ್ಕೆ ಒದಗಿಸಿತು.

ಆಗುಂಬೆಯಂಥ ಕಡೆ ಮೂರನೆಯ ತೊಡಕೂ ಉಂಟು: ತೇವ. ಫಿಲ್ಮಿನ ಜೆಲಾಟಿನ್ ಪದರ ತೇವ ಹೀರಿ ಉಬ್ಬುತ್ತದೆ. ತಣ್ಣನೆಯ ಮಸೂರದ ಮೇಲೆ ಮಂಜು ಕೂರುತ್ತದೆ. ಅದನ್ನು ಒಣಗಿಸಿ ಒರೆಸುವುದೂ ಸಹಾಯಕನ ಕೆಲಸವೇ.

ಈಗ ರೀಲಿನ ಜಾಗಕ್ಕೆ ಮೆಮೊರಿ ಕಾರ್ಡ್ ಬಂದಿದೆ. ಮಸೂರ ಸೂತ್ರ ಮಾತ್ರ ಬದಲಾಗಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ 10 ಸೆಂ.ಮೀ. ಸಂಗಮದೂರದ ಪೀನ ಮಸೂರ, ಮೇಣದ ಬತ್ತಿ ಮತ್ತು ಬಿಳಿ ಪರದೆ ತೆಗೆದುಕೊಳ್ಳಿ. ಒಬ್ಬರು ಬತ್ತಿಯನ್ನು ಒಂದೇ ವೇಗದಲ್ಲಿ ಮಸೂರದತ್ತ ತರಲಿ. ಇನ್ನೊಬ್ಬರು ಬಿಂಬ ಮಸುಕಾಗದಂತೆ ಪರದೆಯನ್ನು ಸರಿಸಲಿ. ಕ್ಯಾಮರಾ ಸಹಾಯಕನ ಕಷ್ಟ ಆಗ ಕೈಗೇ ತಿಳಿಯುತ್ತದೆ.