ಕೋಡಿ: ವಾಚ್ಯಾರ್ಥ ಮತ್ತು ಲಕ್ಷ್ಯಾರ್ಥ

ನಿತ್ಯವ್ಯವಹಾರದ ಕೆಲವು ನಾಮಪದಗಳು ತಮ್ಮ ಮೂಲಾರ್ಥವನ್ನು ಹಿಂದೆ ಬಿಟ್ಟು ಲಕ್ಷ್ಯಾರ್ಥದಿಂದಲೇ ಬಾಳುತ್ತಿರುವುದುಂಟು. 'ಕೋಡಿ' ಅಂತಹ ಒಂದು ಪದ. ಕಣ್ಣೀರಿನ ಕೋಡಿ, ನೆತ್ತರಿನ ಕೋಡಿ ಎಂದೊಡನೆ ತಡೆಯಿಲ್ಲದ ಪ್ರವಾಹವು ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕೆರೆಗಳನ್ನು ನೋಡಿದವರಿಗೆ ಈ ಪದದ ವಾಚ್ಯಾರ್ಥವು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದೆಂದು ತೋರದಿರದು.

ಕೆರೆಗೆ ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳು ಮುಖ್ಯವಾದುವು. ಏರಿ ನೀರನ್ನು ನಿಲ್ಲಿಸುತ್ತದೆ. ತೂಬು ಅದನ್ನು ಗದ್ದೆಗೆ ಬಿಡುತ್ತದೆ. ಕೋಡಿ ಹೆಚ್ಚಾದುದನ್ನು ಹೊರಗೆ ಕಳುಹಿಸುತ್ತದೆ. ಕೋಡಿಯ ಮಟ್ಟ ಏರಿಯ ನೆತ್ತಿಗಿಂತ ಕೆಳಗಿರಬೇಕು, ನೆಲ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ನೀರು ಮಣ್ಣಿನ ಏರಿಯ ಮೇಲೆ ಹರಿದು ಅದನ್ನು ಒಡೆಯುವುದು. ಆದುದರಿಂದ ಕೋಡಿಯೆಂಬುದು ಮಿತಿಮೀರಿದ ಹರಿವಲ್ಲ, ಮಿತಿಯನ್ನು ಕಾಯುವ ಏರ್ಪಾಡು.

ಈ ಏರ್ಪಾಡು ಒಂದು ಊರಿಗೇ ಮುಗಿಯುವುದಿಲ್ಲ. ನಂದಿಯ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕಡೆಗೂ ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಕಡೆಗೂ ಸಾಗುವ ದಾರಿಯಲ್ಲಿ ಕೆರೆಗಳು ಸರಪಳಿಯಂತೆ ಜೋಡಿಸಿಕೊಂಡಿವೆ. 1595ರ ಸುಮಾರಿಗೆ ಸುಗಟೂರಿನ ತಮ್ಮೇಗೌಡನು ಕೋಟೆ ಕಟ್ಟಿಸಿದ ಹೊಸಕೋಟೆಯಲ್ಲಿ ದೊಡ್ಡಕೆರೆಯ ಏರಿಯು ಎರಡು ಮೈಲಿ ಉದ್ದವೆಂದೂ, ತುಂಬಿದಾಗ ಕೆರೆಯ ಸುತ್ತಳತೆ ಹತ್ತು ಮೈಲಿಗೆ ಕಡಮೆಯಿಲ್ಲವೆಂದೂ ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಮೇಲಣ ಕೆರೆಗೆ ಹೆಚ್ಚಾದುದು ಕೆಳಗಣ ಕೆರೆಗೆ ಮೂಲಧನ. ಇಂಗ್ಲಿಷ್ ಎಂಜಿನಿಯರುಗಳು ಕೋಡಿಯನ್ನು 'ವೇಸ್ಟ್ ವಿಯರ್' ಎಂದರು. ಅವರ ಮಾತಿನಲ್ಲಿ ಆ ನೀರು ವ್ಯರ್ಥವಾದುದು. ಕನ್ನಡದ ಪದದಲ್ಲಿ ಈ ಭಾವವಿಲ್ಲ. 'ಕೆರೆ ಕೋಡಿ ಬಿತ್ತು' ಎಂಬುದು ನಮ್ಮಲ್ಲಿ ಸಂತೋಷದ ವಾರ್ತೆ. ಆಗ ಊರವರು ಕೆರೆಗೆ ಬಾಗಿನ ಅರ್ಪಿಸುತ್ತಾರೆ.

ಲಕ್ಷಣಾವೃತ್ತಿಗೆ ಆಲಂಕಾರಿಕರು ಕೊಡುವ ಪ್ರಸಿದ್ಧ ಉದಾಹರಣೆ 'ಗಂಗೆಯಲ್ಲಿ ಗೊಲ್ಲರ ಹಳ್ಳಿ' ಎಂಬುದು. ಅಲ್ಲಿ ಪ್ರವಾಹವಾಚಕವಾದ ಪದವು ದಡವನ್ನು ಸೂಚಿಸುತ್ತದೆ. ನಮ್ಮ ಪದದಲ್ಲಿ ನಡೆದುದು ಇದರ ವಿಪರ್ಯಯ: ಕಟ್ಟಡದ ಹೆಸರು ಅದರ ಮೇಲೆ ಹರಿಯುವ ನೀರಿಗೆ ಸಂದಿತು, ಬಳಿಕ ನೀರಿನಿಂದ ಕಣ್ಣೀರಿಗೂ ನೆತ್ತರಿಗೂ ಸಂದಿತು. ಸಮೃದ್ಧಿಯ ಅರ್ಥ ಉಳಿಯಿತು, ಅಳತೆಯ ಅರ್ಥ ಜಾರಿತು.

ಈ ಭೇದವು ಕೇವಲ ನಿಘಂಟಿನ ವಿಷಯವಲ್ಲ. ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಲೂಯಿ ರೈಸರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿವೆ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಗಳನ್ನು ಕೆರೆ, ಏರಿ, ಹಳ್ಳ, ಮರಗಳಿಂದ ಗುರುತಿಸುವುದು ವಾಡಿಕೆ. ಅಂತಹ ಎಡೆಯಲ್ಲಿ 'ಕೋಡಿ' ಬಂದರೆ ವಿದ್ಯಾರ್ಥಿಯು ಅದನ್ನು ಹರಿವೆಂದು ತಿಳಿಯಬಾರದು. ಹರಿವು ಮಳೆಗಾಲದೊಡನೆ ಬಂದು ಹೋಗುವುದು. ಎಲ್ಲೆಗೆ ಬೇಕಾದುದು ಕದಲದ ಗುರುತು.

ಇಂದು ಕೋಡಿಯಿಂದ ಹೊರಟ ಕಾಲುವೆಗಳು ಅನೇಕ ಕಡೆಗಳಲ್ಲಿ ಮುಚ್ಚಿಹೋಗಿವೆ. ಮನೆಗಳೂ ರಸ್ತೆಗಳೂ ಅವುಗಳ ಮೇಲೆ ಎದ್ದಿವೆ. ದೊಡ್ಡ ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನು ಹುಡುಕಿ ಬಡಾವಣೆಗಳಿಗೆ ನುಗ್ಗುತ್ತದೆ. ಜನರು ಅದನ್ನೂ ಕೋಡಿಯೆಂದೇ ಕರೆದರೆ ಲಕ್ಷ್ಯಾರ್ಥಕ್ಕೆ ದೋಷವಿಲ್ಲ. ವಾಚ್ಯಾರ್ಥದಲ್ಲಿಯಾದರೋ ಅದು ಕೋಡಿ ಇಲ್ಲದುದರ ಫಲ. ಪದದ ಮೊದಲ ಅರ್ಥವನ್ನು ಕಾಪಾಡುವುದು ಭಾಷಾಭ್ಯಾಸಿಗಳ ಕೆಲಸವೆಂದು ತೋರಬಹುದು. ಕೆರೆಯ ಚರಿತ್ರೆಯನ್ನು ಬರೆಯುವವರಿಗೂ ಕೆರೆಯನ್ನು ಆಳುವವರಿಗೂ ಅದು ಅಷ್ಟೇ ಅಗತ್ಯವೆಂದು ನಾವು ಭಾವಿಸುತ್ತೇವೆ.