ಉಟ್ಟದ್ದು, ತೊಟ್ಟದ್ದು: ಜಮಖಂಡಿ–ಮುಧೋಳ ಸೀಮೆಯ ರಾಜವಸ್ತ್ರದ ಜಾಡು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಕೆಡಲ್‌ಸ್ಟನ್ ಹಾಲ್ ಎಂಬ ಮಹಲಿನಲ್ಲಿ ಒಂದು ಗೌನು ಇದೆ. ವೈಸರಾಯ್ ಕರ್ಜನ್‌ನ ಹೆಂಡತಿ ಮೇರಿ 1903ರ ದೆಹಲಿ ದರ್ಬಾರಿನ ನೃತ್ಯಕೂಟಕ್ಕೆ ತೊಟ್ಟ ‘ನವಿಲು ಗೌನು’ ಅದು. ಮೈತುಂಬ ನವಿಲುಗರಿಯ ಚಿತ್ತಾರ, ಗರಿಯ ಕಣ್ಣಿನಲ್ಲಿ ಹಸಿರು ಜೀರುಂಡೆಯ ರೆಕ್ಕೆಚಿಪ್ಪು. ಜರತಾರಿ ಕಸೂತಿ ಹಾಕಿದವರು ದೆಹಲಿ, ಆಗ್ರಾ ಕಡೆಯ ಕುಶಲಕರ್ಮಿಗಳು. ಆ ಬಟ್ಟೆಯನ್ನು ಕತ್ತರಿಸಿ ಹೊಲಿದದ್ದು ಪ್ಯಾರಿಸ್ಸಿನ ವರ್ತ್ ಮಳಿಗೆ. ಲೋಹದ ಎಳೆ ಈಗ ಕಪ್ಪಿಟ್ಟಿದೆ. ಜೀರುಂಡೆಯ ಚಿಪ್ಪು ಮಾತ್ರ ಇನ್ನೂ ಹೊಳೆಯುತ್ತಿದೆ.



ಗೌನನ್ನು ಕನ್ನಡದಲ್ಲಿ ತೊಡುತ್ತಾರೆ, ಸೀರೆಯನ್ನು ಉಡುತ್ತಾರೆ. ವಸ್ತುಸಂಗ್ರಹಾಲಯಗಳ ಚರಿತ್ರೆಯನ್ನು ನೋಡಿದರೆ ಈ ಎರಡು ಕ್ರಿಯಾಪದಗಳ ನಡುವಿನ ಅಂತರ ಬರೀ ವ್ಯಾಕರಣದ್ದಲ್ಲ. ತೊಟ್ಟ ಬಟ್ಟೆ ಮೈಯ ಅಳತೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಗೊಂಬೆಗೆ ಹಾಕಿ ನಿಲ್ಲಿಸಿದರೆ ರಾಣಿಯೇ ನಿಂತಂತೆ ಕಾಣುತ್ತದೆ. ಉಟ್ಟ ಸೀರೆ ಬಿಚ್ಚಿದೊಡನೆ ಮತ್ತೆ ಹದಿನೆಂಟು ಮೊಳದ ಬಟ್ಟೆ, ಅಷ್ಟೇ. ಹೀಗಾಗಿ ನಮ್ಮ ಕಡೆಯ ಸಂಸ್ಥಾನಗಳ ಉಡುಪಿನ ಸಂಗ್ರಹಗಳಲ್ಲಿ ಗಂಡಸರ ಅಂಗರಖಾ, ಶೇರವಾನಿಗಳಿಗೆ ಸುಲಭವಾಗಿ ಜಾಗ ಸಿಗುತ್ತದೆ. ಹೆಂಗಸರ ಉಡುಗೆಯನ್ನು ಹುಡುಕಲು ಬೇರೆಯೇ ಕಣ್ಣು ಬೇಕು.

ಕೃಷ್ಣಾ, ಘಟಪ್ರಭೆಯರ ನಡುವಿನ ಈ ಜಮಖಂಡಿ–ಮುಧೋಳ ಸೀಮೆ ಆಡಳಿತದ ಲೆಕ್ಕದಲ್ಲಿ ಚೂರುಚೂರಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ಅದಕ್ಕೆ ಅಂಟಿಕೊಂಡಂತಿರುವ ರಬಕವಿ ಸಾಂಗಲಿ ಸಂಸ್ಥಾನದ ಊರು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. 1948ರ ಮಾರ್ಚ್ 8ರಂದು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕರಗಿದವು. ಮದುವೆ ಸಂಬಂಧಗಳಿಗಂತೂ ಈ ಗಡಿಗಳು ಎಂದೂ ಅಡ್ಡ ಬಂದಿರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರ ಹೆತ್ತ ತಾಯಿ ರಾಧಾಬಾಯಿ ಮುಧೋಳದ ರಾಜಮನೆತನದ ಮಗಳು. 1884ರಲ್ಲಿ ಕಟ್ಟಿ ಮುಗಿದ ಕೊಲ್ಹಾಪುರದ ಹೊಸ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ರಾಜಮನೆತನದ ಉಡುಪು, ಆಯುಧ, ಕಸೂತಿಗಳಿವೆ. ಮುಧೋಳದ ರಾಜವಸ್ತ್ರದ ಜಾಡು ಹಿಡಿಯುವವರು ಆ ತವರಿನ ನಂಟನ್ನು ಮರೆಯಬಾರದು.

ಪಟವರ್ಧನರು ಕೊಂಕಣಸ್ಥ ಬ್ರಾಹ್ಮಣರು, ಘೋರ್ಪಡೆಯವರು ಮರಾಠರು. ಎರಡೂ ಸಮುದಾಯದ ಹೆಂಗಸರದು ಕಚ್ಚೆ ಹಾಕಿ ಉಡುವ ಹದಿನೆಂಟು ಮೊಳದ ಸೀರೆ. ಮೇಲೆ ತೊಡುವ ಕುಪ್ಪಸವೊಂದೇ ಹೊಲಿಗೆಯದ್ದು. ಅದಕ್ಕೆ ಬೇಕಾದ ಖಣ ಪಕ್ಕದ ಗುಳೇದಗುಡ್ಡದ್ದು. ಒಂದು ತುಂಡಿಗೆ ಒಂದು ಕುಪ್ಪಸ. ತೇರು, ಆನೆಹೆಜ್ಜೆ, ಸಿದ್ಧೇಶ್ವರ ಮುಕುಟ ಎಂದು ಅದರ ಚಿತ್ತಾರಕ್ಕೆ ಹೆಸರುಗಳು.

ಸೀರೆಯಲ್ಲಿ ಸೂಜಿಗೆ ಕೆಲಸವಿಲ್ಲ, ನಿಜ. ಆದರೆ ಇಲಕಲ್ಲ ಸೀರೆಯಲ್ಲಿ ಒಂದು ‘ಹೊಲಿಗೆ’ ಮಗ್ಗದಲ್ಲೇ ಆಗಿಬಿಡುತ್ತದೆ. ಮೈಯ ಹಾಸು ಹತ್ತಿಯದಿರಬಹುದು, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸಿಕ್ಕಿಸುತ್ತಾರೆ; ಇದೇ ಕೊಂಡಿ. ಈ ಜೋಡಣೆಗಾಗಿ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಕೆಂಪು ಸೆರಗಿನ ನಡುವೆ ಬಿಳಿ ಪಟ್ಟಿ, ಅದರ ಅಂಚಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಆದರೆ ಸಂಶೋಧಕ ಸೆರಗನ್ನು ಮಗುಚಿ ಕೊಂಡಿ ಕೂಡುವ ಜಾಗವನ್ನು ಬೆರಳಿನಿಂದ ಸವರಿ ನೋಡಬೇಕು. ‘ರೇಷ್ಮೆ ಸೀರೆ, ದಖ್ಖನ್’ ಎಂದಷ್ಟೇ ಬರೆದ ಸಂಗ್ರಹಾಲಯದ ಚೀಟಿಗಿಂತ ಆ ಸಣ್ಣ ಗೆರೆ ಹೆಚ್ಚು ಹೇಳುತ್ತದೆ.

ಹಾಗಾದರೆ ಅರಮನೆಯ ಸೀರೆಗಳು ಇಷ್ಟು ಕಡಿಮೆ ಉಳಿದದ್ದೇಕೆ? ಅರ್ಧ ಉತ್ತರ ಜರಿಯಲ್ಲೇ ಇದೆ. ಹಳೆಯ ಜರಿಯೆಂದರೆ ರೇಷ್ಮೆ ಎಳೆಗೆ ಸುತ್ತಿದ, ಚಿನ್ನದ ನೀರು ಕುಡಿಸಿದ ಬೆಳ್ಳಿಯ ತಂತಿ. ಬಟ್ಟೆ ಜೀರ್ಣವಾದರೆ ಸುಟ್ಟು ಬೆಳ್ಳಿ ತೆಗೆಯುವುದು ಸಿರಿವಂತರ ಮನೆಗಳಲ್ಲೂ ನಡೆದದ್ದೇ. ಸುಡದೆ ಉಳಿದದ್ದು ಮಡಿಕೆಯಲ್ಲಿ ಸೀಳಿತು, ಏಕೆಂದರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಲೋಹದ ತಂತಿ ರೇಷ್ಮೆಯನ್ನು ಕೊಯ್ಯುತ್ತದೆ. ಅದಕ್ಕೇ ಇಂದಿನ ಸಂಗ್ರಹಾಲಯಗಳು ಸೀರೆಯನ್ನು ಮಡಿಸದೆ ಆಮ್ಲವಿಲ್ಲದ ಕಾಗದದೊಂದಿಗೆ ಕೊಳವೆಗೆ ಸುತ್ತಿಡುತ್ತವೆ, ಬೆಳಕನ್ನು ಸುಮಾರು 50 ಲಕ್ಸ್‌ಗೆ ಇಳಿಸುತ್ತವೆ. ಗೌನಿನ ಕಷ್ಟವೇ ಬೇರೆ: ಅದರ ಭಾರವೇ ಅದರ ಹೆಗಲನ್ನು ಹರಿಯುತ್ತದೆ. ನವಿಲು ಗೌನಿನ ತೂಕ ಸುಮಾರು ನಾಲ್ಕೂವರೆ ಕಿಲೋ!

ಇನ್ನರ್ಧ ಉತ್ತರ ಕೌದಿಯಲ್ಲಿದೆ: ಹತ್ತಿ ಸೀರೆಯ ಕೊನೆಯ ನಿಲ್ದಾಣ ಅದು. ಖಣದ ಚೂರು ಕೂಸಿನ ಕುಂಚಿಗೆಗೆ ಹೋದರೆ ಸೀರೆಯ ಮೈ ಪದರವಾಗಿ ಕೌದಿಯೊಳಗೆ ಸೇರುತ್ತದೆ. ರಬಕವಿ-ಬನಹಟ್ಟಿಯಲ್ಲಿ ಇಂದು ಕೇಳುವುದು ಹೆಚ್ಚಾಗಿ ಕೈಮಗ್ಗದ್ದಲ್ಲ, ವಿದ್ಯುತ್ ಮಗ್ಗದ ಸದ್ದು. ಆದರೂ ಈ ಸೀಮೆಯ ಹಳೆಯ ಕೌದಿಯನ್ನು ಬೆಳಕಿಗೆ ಹಿಡಿದು, ಹೊಲಿಗೆಯ ಸಾಲುಗಳ ನಡುವೆ ಹುಡುಕಬೇಕು: ಒಳಪದರದಲ್ಲೆಲ್ಲೋ ಹತ್ತಿ ಮುಗಿದು ಕೆಂಪು ರೇಷ್ಮೆ ಶುರುವಾಗುವಲ್ಲಿ, ಬೆರಳಿಗೆ ತಾಗುವ ಆ ಕೊಂಡಿಯ ಉಬ್ಬು ಇದ್ದೀತು.