ಕಲೆಯಲ್ಲಿ ಫಿನ್ಲೆಂಡಿನ ಸೌನಾ

ಸೌನಾ ಎಂದರೆ ಫಿನ್ಲೆಂಡಿನ ಜನರ ಹಬೆಸ್ನಾನದ ಮನೆ. ಅದರ ಹಳೆಯ ರೂಪವಾದ ಹೊಗೆಸೌನಾಕ್ಕೆ ಹೊಗೆಗೂಡು ಇರುವುದಿಲ್ಲ. ಒಲೆಯ ಮೇಲೆ ಪೇರಿಸಿದ ಕಲ್ಲುಗಳು ಕಾದ ಮೇಲೆ ಹೊಗೆಯನ್ನು ಹೊರಬಿಟ್ಟು, ಕಲ್ಲಿಗೆ ನೀರೆರಚಿ, ಏಳುವ ಹಬೆಯಲ್ಲಿ ಬರ್ಚ್ ಸೊಪ್ಪಿನ ಕಟ್ಟಿನಿಂದ ಮೈ ಬಡಿದುಕೊಳ್ಳುತ್ತಾರೆ. ಹಿಂದೆ ಹಳ್ಳಿಯ ಹೆಂಗಸರು ಹೆರುತ್ತಿದ್ದುದೂ ಶವಕ್ಕೆ ಕೊನೆಯ ಸ್ನಾನ ಮಾಡಿಸುತ್ತಿದ್ದುದೂ ಇಲ್ಲಿಯೇ. ಇದನ್ನು ಮರೆತು ನೋಡಿದರೆ ಸೌನಾದ ಚಿತ್ರಗಳಲ್ಲಿ ಬೆತ್ತಲೆ ಮೈಗಳಷ್ಟೇ ಕಾಣುತ್ತವೆ. ಹೊರಗಿನಿಂದ ಬಂದವರ ಕಣ್ಣಿಗೆ ಅದು ವಿಚಿತ್ರ ನೋಟವಾಗಿತ್ತು. ಫಿನ್ನಿಷ್ ಕಲಾವಿದರ ಉತ್ತಮ ಕೃತಿಗಳು ಅದನ್ನು ಮನೆಮಂದಿಯ ಬದುಕಿನ ಭಾಗವಾಗಿ ಕಂಡವು.

ಇಟಲಿಯ ಪ್ರವಾಸಿ ಜುಸೆಪ್ಪೆ ಅಚೆರ್ಬಿ 1799ರಲ್ಲಿ ಫಿನ್ಲೆಂಡನ್ನು ಹಾದುಹೋದ. 1802ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸಕಥನ, ಗಂಡಸರೂ ಹೆಂಗಸರೂ ಸಂಕೋಚವಿಲ್ಲದೆ ಒಟ್ಟಿಗೆ ಮೀಯುವುದನ್ನು ಬೆರಗಿನಿಂದ ವರ್ಣಿಸುತ್ತದೆ; ಅದರ ಸ್ನಾನದ ಮುದ್ರಿತ ಚಿತ್ರದಲ್ಲೂ ಬೆರಗೇ ಪ್ರಧಾನ. ಆಕ್ಸೆಲಿ ಗಲ್ಲೆನ್-ಕಲ್ಲೆಲಾ 1889ರಲ್ಲಿ ಬಿಡಿಸಿದ 'ಸೌನಾದಲ್ಲಿ' ಎಂಬ ತೈಲಚಿತ್ರದ ದಾರಿಯೇ ಬೇರೆ. ಅಲ್ಲಿ ಮೈಗಳು ಮಸಿ ಹಿಡಿದ ಕತ್ತಲೆಯೊಳಗಿವೆ. ಮೀಯುವವರು ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ, ನೋಡುಗನಿಗಾಗಿ ನಿಂತಿಲ್ಲ. ಪ್ಯಾರಿಸಿನಲ್ಲಿ ಕಲಿತ ಚಿತ್ರಕಾರನಿಗೆ ಸೌನಾ ನಗ್ನಚಿತ್ರ ಬರೆಯಲು ಸಿಕ್ಕ ನೆಪವಷ್ಟೇ ಎಂದು ಆಕ್ಷೇಪಿಸಬಹುದು. ಆ ಕಲಿಕೆಯ ಗುರುತು ಚಿತ್ರದಲ್ಲಿ ಇದೆ, ನಿಜ. ಆದರೆ ಮೈಯ ಚೆಲುವನ್ನು ಮೆರೆಸುವುದೇ ಉದ್ದೇಶವಾಗಿದ್ದರೆ ಇಷ್ಟು ಕಡಿಮೆ ಬೆಳಕಿನ ಜಾಗವನ್ನು ಅವನು ಆರಿಸಿಕೊಳ್ಳಬೇಕಿರಲಿಲ್ಲ. ಸ್ವೀಡನ್ನಿನ ಆಂಡರ್ಸ್ ಸೋರ್ನ್ 1906ರಲ್ಲಿ ಬರೆದ, ದಾಲಾರ್ನಾ ಪ್ರಾಂತದ ಹುಡುಗಿಯರ ಸ್ನಾನದ ಚಿತ್ರವನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಬೆಚ್ಚನೆಯ ಬೆಳಕು ಮೈಮೇಲೆ ಆಡುವುದೇ ಚಿತ್ರದ ವಸ್ತು. ಕುಶಲತೆಯಲ್ಲಿ ಸೋರ್ನ್ ಕಡಿಮೆಯವನಲ್ಲ. ಸೌನಾದ ಒಳಬದುಕನ್ನು ಹಿಡಿದವನು ಮಾತ್ರ ಗಲ್ಲೆನ್-ಕಲ್ಲೆಲಾ.

ರಷ್ಯಾದ ಆಳ್ವಿಕೆಯಲ್ಲಿದ್ದ ನಾಡಿನ ರಾಷ್ಟ್ರಾಭಿಮಾನವೇ ಸೌನಾವನ್ನು ಪವಿತ್ರಗೊಳಿಸಿತು ಎಂಬ ವಾದ ಇನ್ನೂ ಗಟ್ಟಿಯಾದುದು. ಅದರಲ್ಲಿ ಸತ್ಯಾಂಶವಿದೆ, ಆದರೂ ಸಾಹಿತ್ಯ ಅದನ್ನು ಪೂರ್ತಿ ಒಪ್ಪುವುದಿಲ್ಲ. ಅಲೆಕ್ಸಿಸ್ ಕಿವಿಯ 1870ರ ಕಾದಂಬರಿ 'ಏಳು ಮಂದಿ ಸೋದರರು' ಕೃತಿಯಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಸೋದರರು ತಮ್ಮ ಗುಡಿಸಲಿನಲ್ಲೇ ಹಬೆಸ್ನಾನ ಮಾಡುತ್ತಾರೆ. ಅದೇ ರಾತ್ರಿ ಗುಡಿಸಲಿಗೆ ಬೆಂಕಿ ಬಿದ್ದು, ಅರೆಬೆತ್ತಲೆಯಾಗಿ ಹಿಮದಲ್ಲಿ ಓಡಬೇಕಾಗುತ್ತದೆ. ಇಲ್ಲಿ ಪಾವಿತ್ರ್ಯದ ಸೋಗಿಲ್ಲ. ಒರಟುತನ, ನಗು, ಅನಾಹುತ ಎಲ್ಲವೂ ಹಬೆಯೊಂದಿಗೆ ಬೆರೆತಿವೆ. ಯೋನಸ್ ಬೆರ್ಗ್‌ಹೆಲ್ ಮತ್ತು ಮಿಕಾ ಹೋತಕೈನೆನ್ ಅವರ 2010ರ ಸಾಕ್ಷ್ಯಚಿತ್ರ 'ಮಿಯೆಸ್ತೆನ್ ವುವೊರೊ' ಈ ದಾರಿಯನ್ನು ಮುಂದುವರಿಸಿತು. ಅದರಲ್ಲಿ ಸೌನಾದಲ್ಲಿ ಬೆತ್ತಲೆ ಕುಳಿತ ಗಂಡಸರು ತಮ್ಮ ದುಃಖವನ್ನು ಹೇಳಿಕೊಂಡು ಅಳುತ್ತಾರೆ. ಪರಭಾಷಾ ಚಿತ್ರಗಳ ಆಸ್ಕರ್ ಸ್ಪರ್ಧೆಗೆ ಫಿನ್ಲೆಂಡ್ ಆ ವರ್ಷ ಕಳುಹಿಸಿದ್ದು ಇದನ್ನೇ.